ಗುಂಡಿ ಹುಣ್ಣು

ಶರ್ಟಿನ ಗುಂಡಿಯಷ್ಟಗಲ. ಅಂಚು ಎದ್ದು, ನಡುವೆ ತಗ್ಗಾಗಿ, ಹಳದಿ ಬೂದು ಬಣ್ಣದ ಹುಣ್ಣುಗಳು. ಕೊಡಗಿನಲ್ಲಿ ಪಶುವೈದ್ಯನಾಗಿ ಸೇರಿದ ಮೊದಲ ವರ್ಷ, ಕೊಟ್ಟಿಗೆಯ ಹಿಂದೆ ಗೋಣಿಚೀಲ ಹಾಸಿ ಹಂದಿಮರಿಯೊಂದರ ದೊಡ್ಡ ಕರುಳು ಸೀಳಿದಾಗ ಅವನ್ನು ಕಂಡೆ. ಹಾಲು ಬಿಡಿಸಿ ತಿಂಗಳಾಗಿದ್ದ ಮರಿ. ಮೂರು ದಿನ ಜ್ವರ, ನೀರಿನಂಥ ಹಳದಿ ಭೇದಿ, ಕಿವಿಯ ತುದಿ ನೇರಳೆಗೆ ತಿರುಗಿತ್ತು. ಸಾಲ್ಮೊನೆಲ್ಲಾ ಎಂದು ಬರೆದೆ. ಉಳಿದ ಮರಿಗಳಿಗೆ ಇಂಜೆಕ್ಷನ್ ಕೊಟ್ಟು ಹೊರಟೆ.

ಆ ಹೆಸರಿಗೂ ಸಾಲ್ಮನ್ ಮೀನಿಗೂ ಸಂಬಂಧವಿಲ್ಲ. ಡೇನಿಯಲ್ ಸಾಲ್ಮನ್ ಅಮೆರಿಕದ ಪಶುವೈದ್ಯ. ಜಾನುವಾರು ರೋಗಗಳಿಗೆಂದೇ ಅಲ್ಲಿನ ಸರ್ಕಾರ 1884ರಲ್ಲಿ ತೆರೆದ ಬ್ಯೂರೋದ ಮೊದಲ ಮುಖ್ಯಸ್ಥ. ಮುಸುಕಿನ ಜೋಳದ ಸೀಮೆಯ ರೈತರ ಹಂದಿಗಳು ಆಗ ‘ಹಾಗ್ ಕಾಲರಾ’ ಬಂದು ಹಿಂಡುಗಟ್ಟಲೆ ಸಾಯುತ್ತಿದ್ದವು. ಸತ್ತ ಹಂದಿಗಳಿಂದ 1885ರಲ್ಲಿ ಬ್ಯಾಕ್ಟೀರಿಯಾ ಬೇರ್ಪಡಿಸಿದ್ದು ಸಾಲ್ಮನ್ ಕೈಕೆಳಗಿದ್ದ ಥಿಯೊಬಾಲ್ಡ್ ಸ್ಮಿತ್, ಓದು ಮುಗಿಸಿ ಎರಡು ವರ್ಷವಾಗಿದ್ದ ಹುಡುಗ. ಮರುವರ್ಷ ಅವರಿಬ್ಬರೂ ಅದನ್ನು ಕಾಯಿಸಿ ಕೊಂದು ಪಾರಿವಾಳಗಳಿಗೆ ಚುಚ್ಚಿ, ಸತ್ತ ಸೂಕ್ಷ್ಮಾಣುವೂ ರಕ್ಷಣೆ ಕೊಡುತ್ತದೆಂದು ತೋರಿಸಿದರು. 1900ರಲ್ಲಿ ಫ್ರೆಂಚ್ ವಿಜ್ಞಾನಿ ಲಿನ್ಯೇರ್ ಆ ಕುಲಕ್ಕೆ ಹೆಸರಿಟ್ಟಾಗ ಸಾಲ್ಮನ್ ಹೆಸರನ್ನೇ ಇಟ್ಟ. ದುಡಿದ ಸ್ಮಿತ್‌ಗೆ ಅದರಲ್ಲಿ ಪಾಲು ಸಿಗಲಿಲ್ಲ ಎಂಬುದು ನನಗೆ ಇವತ್ತಿಗೂ ಸಂಕಟ.

ಆದರೆ ಹಾಗ್ ಕಾಲರಾಕ್ಕೆ ಕಾರಣವೆಂದು ಅವರು ಹಿಡಿದ ಕಳ್ಳ ಬೇರೆಯವನಾಗಿದ್ದ. 1903ರಲ್ಲಿ ಅದೇ ಬ್ಯೂರೋದ ದ ಶ್ವೈನಿಟ್ಸ್ ಮತ್ತು ಡಾರ್ಸೆಟ್, ರೋಗದ ಹಂದಿಯ ರಕ್ತದ ಸೀರಮ್ಮನ್ನು ಬ್ಯಾಕ್ಟೀರಿಯಾ ನುಸುಳಲಾರದಂಥ ಶೋಧಕದಲ್ಲಿ ಸೋಸಿದರು. ಸೋಸಿದ್ದನ್ನು ಚುಚ್ಚಿಸಿಕೊಂಡ ಹಂದಿಗಳೂ ಮಲಗಿದವು. ಹಂದಿಗಳನ್ನು ಕೊಲ್ಲುತ್ತಿದ್ದದ್ದು ವೈರಸ್. ಅದು ಮೈ ಬಲ ಮುರಿದ ಮೇಲೆ ಬ್ಯಾಕ್ಟೀರಿಯಾ ಕರುಳಿಗಿಳಿಯುತ್ತಿತ್ತು. ಹಾಗೆಂದು ಬ್ಯಾಕ್ಟೀರಿಯಾ ಸಾಧುವೇನಲ್ಲ. ತಾಯಿಯಿಂದ ಬಿಡಿಸಿ, ಲಾರಿಯಲ್ಲಿ ಸಾಗಿಸಿ, ಇಕ್ಕಟ್ಟಿನಲ್ಲಿ ಕೂಡಿದ ಮರಿಗಳನ್ನು ಅದೊಂದೇ ಕೊಲ್ಲಬಲ್ಲದು. ಹುಣ್ಣು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ. ಹಳೆಯ ಆರೋಪ ಈಗಲೂ ಆ ಬ್ಯಾಕ್ಟೀರಿಯಾದ ಹೆಸರಿನಲ್ಲಿದೆ: ಕಾಲರೇಸೂಯಿಸ್, ಹಂದಿಯ ಕಾಲರಾ.

ಇದೆಲ್ಲ ಕಾಲೇಜಿನಲ್ಲಿ ಓದಿ ಪಾಸಾದವನೇ ನಾನು. ವಾರ ಕಳೆದು, ಮರಿ ಸತ್ತಿದ್ದ ಆ ಮನೆಯ ಅಮ್ಮ ಆಸ್ಪತ್ರೆಗೇ ಬಂದರು. “ಡಾಕ್ಟ್ರೇ, ಮರಿಗಳಷ್ಟೇ ಅಲ್ಲ, ದೊಡ್ಡವೂ ಮಲಗಿಬಿಟ್ಟಿವೆ. ಮುಸುರೆ ಹಾಕಿದ್ರೆ ಮೂಸಿಯೂ ನೋಡ್ತಿಲ್ಲ.”

ಸತ್ತದ್ದೊಂದನ್ನು ಸೀಳಿದೆ; ಈ ಸಲ ಕರುಳಿಗೆ ನಿಲ್ಲಲಿಲ್ಲ. ಗುಲ್ಮವನ್ನು ಹೊರತೆಗೆದು ಅಂಗೈಯಲ್ಲಿಟ್ಟು ತೊಳೆದೆ. ಅಂಚಿನುದ್ದಕ್ಕೂ ಕಪ್ಪಗೆ ಉಬ್ಬಿದ ಕಲೆಗಳು: ಅದೇ ಹಾಗ್ ಕಾಲರಾದ, ಅಂದರೆ ಹಂದಿಜ್ವರದ, ವೈರಸ್ಸಿನ ಗುರುತು. ಮೊದಲ ಮರಿಯ ಗುಲ್ಮವನ್ನು ನಾನು ಮುಟ್ಟಿಯೇ ಇರಲಿಲ್ಲ. ಅಕ್ಕಪಕ್ಕದ ಮನೆಗಳ ಹಂದಿಗಳಿಗೆ ಮರುದಿನವೇ ಲಸಿಕೆ ಹಾಕಿದೆ. ಆ ಅಮ್ಮನ ಕೊಟ್ಟಿಗೆಯಲ್ಲಿ ಉಳಿದದ್ದು ಒಂದು ಮುದಿ ಹೆಣ್ಣು ಹಂದಿ ಮಾತ್ರ.