ಮಲ್ಲಿತಮ್ಮನ ಮಿನಿ ಪ್ರಾಜೆಕ್ಟ್

ಕಳೆದ ದೀಪಾವಳಿಗೆ ಅರಸೀಕೆರೆಗೆ ಹೋಗಿದ್ದೆ. ಫಸ್ಟ್ ಇಯರ್ ಎಂಜಿನಿಯರಿಂಗ್ ಓದುತ್ತಿರುವ ಚಿಕ್ಕಮ್ಮನ ಮಗ ಮೆಲ್ಲಗೆ ಪಕ್ಕಕ್ಕೆ ಕರೆದ. "ಅಣ್ಣಾ, ಸಿ ಪ್ರೋಗ್ರಾಮಿಂಗ್‌ಗೆ ಮಿನಿ ಪ್ರಾಜೆಕ್ಟ್ ಕೇಳಿದಾರೆ. ಬೆಂಗಳೂರಲ್ಲಿ ರೆಡಿಮೇಡ್ ಸಿಗುತ್ತಂತಲ್ಲ, ಎಷ್ಟಾಗುತ್ತೆ?"

ಬೈಯೋಕೆ ಬಾಯಿ ಬರಲಿಲ್ಲ. ನಾನೇನು ಸಾಚಾನಾ? ಲ್ಯಾಬಿನ ಪಟ್ಟಿಯಲ್ಲಿದ್ದ ಪ್ರೋಗ್ರಾಂಗಳನ್ನು ಬಾಯಿಪಾಠ ಮಾಡಿ, ಸೀನಿಯರ್ ರೆಕಾರ್ಡ್ ನೋಡಿ ಬರೆದು, ಪರೀಕ್ಷೆಯಲ್ಲಿ ಎತ್ತಿದ ಚೀಟಿಯಲ್ಲಿ ಸುಲಭದ್ದು ಬಂತೆಂದು ದೇವರಿಗೆ ಕೈಮುಗಿದವನು ನಾನು. ಕೆಲಸಕ್ಕೆ ಸೇರಿದ ಮೊದಲ ವಾರ, ಬೇರೆಯವರ ಕೋಡಿನಲ್ಲಿ ತಪ್ಪು ಹುಡುಕು ಅಂದಾಗ ಕೈಕಾಲು ತಣ್ಣಗಾಗಿತ್ತು.

ಮರುದಿನ ಅವನನ್ನು ಬೈಕಿನಲ್ಲಿ ಹಳೇಬೀಡು, ಬೇಲೂರು ಸುತ್ತಿಸಿದೆ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದದ್ದು 1117ರಲ್ಲಿ. ಅಲ್ಲಿನ ಮದನಿಕೆಯರಲ್ಲಿ ಕೆಲವರ ಕೆಳಗೆ ಶಿಲ್ಪಿಗಳ ಹೆಸರಿದೆ. ಬಳ್ಳಿಗಾವೆಯ ದಾಸೋಜ ಒಬ್ಬ, ಅವನ ಮಗ ಚಾವಣ ಇನ್ನೊಬ್ಬ. ಅಪ್ಪನ ಕೆಲಸವಿದ್ದ ಗುಡಿಯಲ್ಲೇ ಮಗನ ಕೆಲಸ, ಮಗನದೇ ಹೆಸರಲ್ಲಿ.

ಇನ್ನೂ ಸ್ವಾರಸ್ಯದ ಕಥೆ ರೂವಾರಿ ಮಲ್ಲಿತಮ್ಮನದು. ತರೀಕೆರೆ ಹತ್ತಿರದ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ಗುಡಿಯ ಮಂಟಪದ ಚಾವಣಿಗಳಿಂದ ಅವನ ವೃತ್ತಿ ಶುರುವಾಯಿತು ಎನ್ನುತ್ತಾರೆ ಕಲಾ ಇತಿಹಾಸಕಾರರು. ಐವತ್ತು ವರ್ಷದ ನಂತರ, 1246ರ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ಗುಡಿಯಲ್ಲಿ ಉತ್ತರ ಭಾಗದ ಶಿಲ್ಪಗಳು ಮಲ್ಲಿತಮ್ಮನವು, ದಕ್ಷಿಣದವು ಬೈಚೋಜನವು. ಅಂದರೆ ಹೊಸಬನ ಕೈಗೆ ಸಿಕ್ಕಿದ್ದು ಜನ ನಿಜವಾಗಿ ಬಂದು ನಿಲ್ಲುವ ಗುಡಿಯ ಚಾವಣಿ. ತಪ್ಪಿದರೆ ತಿದ್ದೋಕೆ ಪಕ್ಕದಲ್ಲೇ ಹಿರಿಯರು ಇದ್ದಿರಬೇಕು.

ತಮಾಷೆಯೆಂದರೆ, ಪಾಠಶಾಲೆಗೆ 'ಪ್ರಾಜೆಕ್ಟ್' ಬಂದದ್ದೂ ಕಟ್ಟಡದವರಿಂದಲೇ. 16ನೇ ಶತಮಾನದ ರೋಮ್‌ನಲ್ಲಿ ವಾಸ್ತುಶಿಲ್ಪ ಕಲಿಯುವವರಿಗೆ ಕಟ್ಟಡದ ನಕ್ಷೆ ಬರೆಯುವ ಸ್ಪರ್ಧೆ ಇಡುತ್ತಿದ್ದರು. ಆದರೆ ಅದು ಕಾಗದದಲ್ಲೇ ಉಳಿಯುತ್ತಿತ್ತು, ಯಾರೂ ಕಟ್ಟುತ್ತಿರಲಿಲ್ಲ. 1918ರಲ್ಲಿ ಅಮೆರಿಕದ ಕಿಲ್‌ಪ್ಯಾಟ್ರಿಕ್ 'ಪ್ರಾಜೆಕ್ಟ್ ಮೆಥಡ್' ಎಂಬ ಪ್ರಬಂಧ ಬರೆದು, ಮಗು ಮನಸ್ಸಿಟ್ಟು ಮಾಡುವ ಕೆಲಸವೇ ಕಲಿಕೆಯ ಬುಡ ಎಂದರು. ಅಲ್ಲಿಂದ ಸುತ್ತಿ ಬಳಸಿ ಅದು ನಮ್ಮ ಹುಡುಗನ ಸಿಲಬಸ್ಸಿಗೂ ಬಂತು, ಬಂದವನೇ ರೇಟ್ ಕೇಳಿದ!

ವಾಪಸ್ ಬರುವಾಗ ಅವನಿಗೆ ಹೇಳಿದೆ, "ನಿಮ್ಮಪ್ಪನ ಕೊಬ್ಬರಿ ಲೆಕ್ಕಕ್ಕೆ ಒಂದು ಪ್ರೋಗ್ರಾಂ ಬರಿ. ನಾನು ಫೋನಲ್ಲಿ ಇರ್ತೀನಿ."

ಎರಡು ವಾರದಲ್ಲಿ ಬರೆದ. ಮೊದಲ ಸಲ ಓಡಿಸಿದಾಗ ಚಿಕ್ಕಪ್ಪನೇ ಹಿಡಿದರು: "45 ಕೆ.ಜಿ. ಕೊಬ್ಬರಿಗೆ ಸೊನ್ನೆ ರೂಪಾಯೇನೋ?" ಕ್ವಿಂಟಾಲ್ ಮಾಡಲು 100ರಿಂದ ಭಾಗಿಸಿದ್ದ. ಸಿ ಭಾಷೆಯಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ದಶಾಂಶ ಉದುರಿಹೋಗುತ್ತದೆ. ಪುಸ್ತಕದಲ್ಲಿ ಅವನು ಅದನ್ನು ಓದಿದ್ದ, ಪರೀಕ್ಷೆಯಲ್ಲಿ ಬರೆದೂ ಇದ್ದ. ಅರ್ಥವಾದದ್ದು ಅಪ್ಪನ ಮುಂದೆ ನಾಚಿಕೊಂಡಾಗ.

ಸರಿಮಾಡಿ ನನಗೆ ಕಳಿಸಿದ. ಫೈಲಿನ ಮೊದಲ ಸಾಲಿನಲ್ಲಿ ತನ್ನ ಹೆಸರು, ಊರು ಅರಸೀಕೆರೆ ಅಂತ ಬರೆದುಕೊಂಡಿದ್ದ.