ಗಂಟಿನ ನಾಣ್ಯ: ಯಾವುದನ್ನು ಮಾರುವುದು, ಯಾವುದನ್ನು ಉಳಿಸುವುದು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆ ಹಳೆಯ ಮನೆತನಗಳಲ್ಲಿ ನಾಣ್ಯದ ಒಂದು ಗಂಟು ಇರುವುದು ಅಪರೂಪವಲ್ಲ. ದೇವರ ಜಗಲಿಯ ಮೇಲೆ ಲಕ್ಷ್ಮೀಪೂಜೆಗೆಂದು ಇಟ್ಟ ರಾಣಿ ಛಾಪಿನ ರೂಪಾಯಿ, ಹೊಲ ಉಳುವಾಗ ನೇಗಿಲಿಗೆ ಸಿಕ್ಕ ತಾಮ್ರದ ಬಿಲ್ಲೆ, ಸರದಿಂದ ಕಳಚಿದ ಪುತಳಿ, ಹೀಗೆ ಹಲವು ಕಾಲದವು ಒಂದೇ ಬಟ್ಟೆಯಲ್ಲಿ ಕೂಡಿಕೊಂಡಿರುತ್ತವೆ. ಈಗ ಜಾತ್ರೆಯ ಅಂಗಡಿಸಾಲಿನಲ್ಲಿಯೂ ಪಟ್ಟಣದ ನಾಣ್ಯಮೇಳಗಳಲ್ಲಿಯೂ ಹಳೆಯ ನಾಣ್ಯಕ್ಕೆ ಗಿರಾಕಿಗಳಿದ್ದಾರೆ. ‘ಇದರಲ್ಲಿ ಯಾವುದನ್ನು ಮಾರೋಣ?’ ಎಂದು ಕೇಳುವವರನ್ನು ನಾನು ಅನೇಕ ಸಲ ಕಂಡಿದ್ದೇನೆ. ಪ್ರಶ್ನೆ ವ್ಯಾಪಾರದ್ದಾಗಿ ಕಂಡರೂ ಉತ್ತರ ಇತಿಹಾಸಕ್ಕೆ ಸೇರಿದ್ದು.

ಶರಾಫನ ಉತ್ತರ ಸರಳ. ಅವನು ತೂಗಿ ಬೆಲೆ ಕಟ್ಟುತ್ತಾನೆ. ಬೆಳ್ಳಿಗೆ ಒಂದು ದರ, ಬಂಗಾರಕ್ಕೆ ಒಂದು ದರ. ತಾಮ್ರವನ್ನು ಅವನು ಬದಿಗೆ ಸರಿಸುತ್ತಾನೆ. ಇತಿಹಾಸದ ವಿದ್ಯಾರ್ಥಿಯ ಉತ್ತರ ಬಹುಮಟ್ಟಿಗೆ ಇದಕ್ಕೆ ತಿರುಗಾಮುರುಗ. ವಿಕ್ಟೋರಿಯಾ, ಎಡ್ವರ್ಡ್, ಐದನೆಯ ಜಾರ್ಜ್ ಇವರ ರೂಪಾಯಿಗಳು ಒಂದು ತೊಲ ತೂಗುತ್ತವೆ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಕೋಟಿಗಟ್ಟಲೆ ಅಚ್ಚಾದವು. ಅವು ಎಲ್ಲಿ ಅಚ್ಚಾದವು, ಯಾವ ವರ್ಷದವು ಎಂಬುದೆಲ್ಲ ದಾಖಲೆಯಲ್ಲಿದೆ. 1940ರಿಂದ ಬೆಳ್ಳಿಯ ಪಾಲು ಅರ್ಧಕ್ಕಿಳಿಯಿತು. 1947ರ ರೂಪಾಯಿ ನಿಕ್ಕಲಿನದು. ಇಂಥವನ್ನು ಮಾರಿದರೆ ಚರಿತ್ರೆಗೆ ನಷ್ಟವಿಲ್ಲ. ಅರಸನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಂಡಿತೆಂದು ಮರುವರ್ಷವೇ ಅಚ್ಚು ಬದಲಾಯಿಸಿದ 1911ರ ರೂಪಾಯಿಯಾಗಲಿ, ಬಹು ವಿರಳವಾದ 1939ರ ರೂಪಾಯಿಯಾಗಲಿ ಸಿಕ್ಕರೆ ಸಂಗ್ರಾಹಕರು ಹೆಚ್ಚು ಹಣ ಕೊಟ್ಟಾರು. ಅದನ್ನು ಅರಿತು ಮಾರುವುದು ಜಾಣತನ. ಅದರಿಂದ ನಮ್ಮ ಸೀಮೆಯ ಕಥೆಯಲ್ಲಿ ಒಂದಕ್ಷರವೂ ಅಳಿಸುವುದಿಲ್ಲ.

ನಿಜಾಮರ ಹಾಲಿ ಸಿಕ್ಕಾದ ಮಾತು ತುಸು ಬೇರೆ. ಸಿಂದಗಿ, ಮುದ್ದೇಬಿಹಾಳಗಳು ಮುಂಬಯಿ ಇಲಾಖೆಯ ಅಂಚಿನ ತಾಲ್ಲೂಕುಗಳು. ಆಚೆಗೆ ಹೈದರಾಬಾದ್ ಸಂಸ್ಥಾನ. ಚಾರಮಿನಾರಿನ ಚಿತ್ರವುಳ್ಳ ಆ ರೂಪಾಯಿ ಏಳಕ್ಕೆ ಇಂಗ್ಲಿಷ್ ರೂಪಾಯಿ ಆರು ಎಂಬುದು ಸ್ಥೂಲವಾದ ಲೆಕ್ಕ. ದನ ಮಾರಲು, ಕಾಳು ಕೊಳ್ಳಲು ಗಡಿ ದಾಟಿದವನಿಗೆ ಈ ಗುಣಾಕಾರ ಬಾಯಿಪಾಠವಾಗಿರದೆ ಗತಿಯಿರಲಿಲ್ಲ. 1948ರಲ್ಲಿ ಸಂಸ್ಥಾನ ವಿಲೀನವಾದ ಬಳಿಕವೂ ಆ ನಾಣ್ಯ ಕೆಲವು ವರ್ಷ ನಡೆಯಿತು. ಗಂಟಿನಲ್ಲಿ ಹತ್ತು ಇದ್ದರೆ ಒಂಬತ್ತನ್ನು ಮಾರಿರಿ. ಒಂದನ್ನು ಮನೆಯಲ್ಲಿ ಉಳಿಸಿರಿ. ಅಜ್ಜ ಎರಡು ರಾಜ್ಯಗಳ ನಡುವೆ ಬಾಳಿದನೆಂಬುದಕ್ಕೆ ಮೊಮ್ಮಕ್ಕಳಿಗೆ ಅದೇ ಸಾಕ್ಷಿ.

ಇನ್ನು ಶರಾಫ ಬದಿಗೆ ಸರಿಸಿದ ತಾಮ್ರ. ಬಿಜಾಪುರದ ಆದಿಲಶಾಹಿಗಳ ನಾಣ್ಯಗಳಲ್ಲಿ ಹೇರಳವಾಗಿ ಸಿಗುವುದು ಈ ತಾಮ್ರದ ಫಲೂಸೇ. 1580ರಿಂದ 1627ರ ವರೆಗೆ ಆಳಿದ ಎರಡನೆಯ ಇಬ್ರಾಹಿಮನ ದುಡ್ಡಿನ ಮೇಲೆ ‘ಇಬ್ರಾಹಿಂ ಅಬಲಾ ಬಲಿ’ ಎಂಬ ಬರಹವಿದೆ. ಲಿಪಿ ಅರಬ್ಬಿಯದು, ಶಬ್ದ ಈ ನೆಲದ್ದು; ಅಬಲರಿಗೆ ಬಲವಾದವನು ಎಂದು ಅದರ ಅರ್ಥ ಹೇಳುತ್ತಾರೆ. ಜಗದ್ಗುರು ಎನ್ನಿಸಿಕೊಂಡ ಆ ಸುಲ್ತಾನನ ಮನಸ್ಸು ಪ್ರಜೆಗಳ ಅಂಗೈಗೆ ತಲುಪಿದ್ದು ಇಂಥ ಬಿಲ್ಲೆಗಳ ಮೂಲಕ. ಅವನ ಮೊಮ್ಮಗ ಎರಡನೆಯ ಅಲಿ ಬೆಳ್ಳಿಯ ತಂತಿಯನ್ನು ಮಡಿಸಿ ಅಚ್ಚೊತ್ತಿದ ಲಾರಿ ಎಂಬ ನಾಣ್ಯ ಹೊರಡಿಸಿದನು. ಪರ್ಷಿಯಾದ ಲಾರ್ ಪಟ್ಟಣದಿಂದ ಹೆಸರು ಪಡೆದ ಈ ನಾಣ್ಯ ಕಡಲ ವ್ಯಾಪಾರಕ್ಕೆ ಒದಗಿದ್ದು. ತಿಳಿಯದವನ ಕಣ್ಣಿಗೆ ಅದು ತಲೆಗೂದಲಿಗೆ ಸಿಕ್ಕಿಸುವ ಮುರುಕು ಪಿನ್ನು. 1686ರಲ್ಲಿ ಔರಂಗಜೇಬ ಬಿಜಾಪುರವನ್ನು ಗೆದ್ದ ಮೇಲೆ ಅದೇ ಊರಿನ ಟಂಕಸಾಲೆ ‘ದಾರ್-ಉಜ್-ಜಫರ್’, ಅಂದರೆ ವಿಜಯದ ನೆಲೆ, ಎಂಬ ಬಿರುದಿನೊಡನೆ ಮೊಗಲ ನಾಣ್ಯ ಹೊರಡಿಸಿತು. ಸೋತ ಊರಿಗೆ ಗೆದ್ದವನು ಇಟ್ಟ ಹೆಸರು ಅದು. ಇವನ್ನು ತೂಕಕ್ಕೆ ಹಾಕಬಾರದು.

ನನ್ನ ಮಟ್ಟಿಗೆ ನಾಣ್ಯಕ್ಕೆ ಮುಖಗಳು ಎರಡಲ್ಲ, ಮೂರು. ಎರಡು ಟಂಕಸಾಲೆಯಲ್ಲಿ ಮೂಡಿದವು. ಮೂರನೆಯದು ಅದು ಸಿಕ್ಕ ನೆಲ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವಿದೆ. ಅಲ್ಲಿಯ ವಿದ್ಯಾಶಾಲೆಗೆ ನಾನಾ ದೇಶದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರಿಗಾಗಿ 27 ಮನೆಗಳಿದ್ದವು. ಊರವರು ಮದುವೆಗೆ ಐದು ನಾಣ್ಯ, ಉಪನಯನಕ್ಕೆ ಅದರರ್ಧ, ಚೌಲಕ್ಕೆ ಮತ್ತೂ ಅದರರ್ಧ ಕೊಡಬೇಕೆಂದು ಕಟ್ಟಳೆ. ಕೊಟ್ಟವರ ಕಟ್ಟಳೆ ಕಲ್ಲಿನಲ್ಲಿ ಉಳಿಯಿತು. ಕೊಟ್ಟ ನಾಣ್ಯ ಮಾತ್ರ ಕಾಣದು. ಮಳಖೇಡದ ರಾಷ್ಟ್ರಕೂಟರದೆಂದು ನಿಸ್ಸಂದೇಹವಾಗಿ ಹೇಳಬಹುದಾದ ನಾಣ್ಯ ಅಷ್ಟು ವಿರಳ. ಸಾಲೋಟಗಿಯ ಆಸುಪಾಸಿನ ಹೊಲದಲ್ಲಿ ಗುರುತು ಹತ್ತದ ಒಂದು ಚೂರು ಸಿಕ್ಕಿ, ಸಿಕ್ಕ ಜಾಗದ ನೆನಪಿನೊಡನೆ ಅದು ವಿದ್ವಾಂಸರ ಕೈಸೇರಿದರೆ ಕಲ್ಲಿಗೂ ನಾಣ್ಯಕ್ಕೂ ಭೇಟಿಯಾದೀತು. ಅದೇ ಚೂರು ದೂರದ ಅಂಗಡಿಯ ಗಾಜಿನ ಕೆಳಗೆ ಕುಳಿತರೆ ಅದು ಬರಿಯ ಚೂರು.

ಮುದ್ದೇಬಿಹಾಳ ಸೀಮೆಯ ರಕ್ಕಸಗಿ, ತಂಗಡಗಿಗಳ ಹೆಸರು 1565ರ ಯುದ್ಧಕ್ಕೆ ಅಂಟಿಕೊಂಡಿದೆ. ವಿಜಯನಗರದ ಹೊನ್ನು ತೋರಿಸಿ ‘ಇದು ರಣರಂಗದಲ್ಲಿ ಸಿಕ್ಕಿದ್ದು’ ಎಂದರೆ ಬೆಲೆ ಏರುತ್ತದೆ. ಆದರೆ ಆ ಹೊನ್ನು ಸಾಮ್ರಾಜ್ಯ ಮುರಿದ ಮೇಲೂ ದಕ್ಷಿಣದಲ್ಲೆಲ್ಲ ಚಲಾವಣೆಯಲ್ಲಿತ್ತು. ಒಂದು ಗಡಿಗೆಯಲ್ಲಿ ಅದರ ಜೊತೆ ಮತ್ತಾವ ನಾಣ್ಯಗಳಿದ್ದವು ಎಂಬುದೇ ಅದನ್ನು ಹೂಳಿದ ಕಾಲವನ್ನು ಹೇಳಬಲ್ಲದು. ಆದಕಾರಣ ನೆಲದಲ್ಲಿ ಸಿಕ್ಕ ಗಡಿಗೆಯನ್ನು ಒಡೆದು ಹಂಚಿಕೊಳ್ಳುವುದು ಗ್ರಂಥದ ಹಾಳೆ ಹರಿದು ಹಂಚಿಕೊಂಡಂತೆ. ಕಾನೂನು ಕೂಡ ಅದನ್ನು ಒಪ್ಪುವುದಿಲ್ಲ. ಸಿಕ್ಕ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕೆಂಬ ನಿಯಮ 1878ರ ಶಾಸನದಿಂದಲೇ ಬಂದದ್ದು. ನೂರು ವರ್ಷ ದಾಟಿದ ನಾಣ್ಯಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಅವನ್ನು ಖಾಸಗಿಯವರು ಪರದೇಶಕ್ಕೆ ಸಾಗಿಸಕೂಡದು ಎಂಬುದು 1972ರ ಕಾಯಿದೆ.

ಇಷ್ಟು ಹೇಳಿ, ಮಾರುವವರನ್ನು ನಾನು ದೂಷಿಸಲಾರೆ. ಇದು ಮಳೆ ಕೈಕೊಡುವ ನಾಡು. 1876-77ರ ಬರದಲ್ಲಿ ಈ ತಾಲ್ಲೂಕುಗಳು ಅಂದಿನ ಕಲಾದಗಿ ಜಿಲ್ಲೆಗೆ ಸೇರಿದ್ದವು. 1872ರ ಮತ್ತು 1881ರ ಜನಗಣತಿಗಳ ನಡುವೆ ಆ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲೊಂದು ಪಾಲು ಕುಗ್ಗಿತು. ಅಂಥ ದಿನಗಳಲ್ಲಿ ಕೊರಳ ಸರವೂ ಕೂಡಿಟ್ಟ ನಾಣ್ಯವೂ ಒಂದೇ ಮೂಸೆಗೆ ಬಿದ್ದಿರಬೇಕು. ಹಸಿದ ಮಗುವಿನೆದುರು ಯಾವ ಸುಲ್ತಾನನ ಬರಹವೂ ದೊಡ್ಡದಲ್ಲ. ಇಂದೂ ಆಸ್ಪತ್ರೆಯ ಖರ್ಚಿಗೆ, ಮಗಳ ಓದಿಗೆ ಗಂಟು ಬಿಚ್ಚುವ ಮನೆಗಳಿವೆ. ಆದ್ದರಿಂದಲೇ ಆಯ್ಕೆ ತಿಳಿದಿರಬೇಕು: ಮಾರಲೇಬೇಕಾದಾಗ ಮೊದಲು ರಾಣಿ ಛಾಪು ಹೋಗಲಿ, ತಾಮ್ರ ಕೊನೆಗೆ ಉಳಿಯಲಿ. ಬೆಳ್ಳಿ ಕೊಡುವ ಹಣವನ್ನು ತಾಮ್ರ ಹೇಗೂ ಕೊಡಲಾರದು.

ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರೆಂಬುದು ನಾಡಿಗೆ ತಿಳಿದ ಸಂಗತಿ. ಭಂಡಾರಿಯ ಮೊದಲ ಕೆಲಸ ಲೆಕ್ಕವಿಡುವುದು. ನಾವೂ ಅಷ್ಟು ಮಾಡಬಹುದು. ನಾಣ್ಯವನ್ನು ಹುಣಸೆಹುಳಿ ಹಾಕಿ ಉಜ್ಜಬೇಡಿ; ಅಕ್ಷರ ಸವೆಯುತ್ತದೆ. ಮಾರುವ ಮುನ್ನ ಎರಡೂ ಮುಖದ ಚಿತ್ರ ತೆಗೆದಿಡಿ. ಯಾವ ಊರು, ಯಾರ ಕಾಲದಿಂದ ಮನೆಯಲ್ಲಿದೆ, ಜೊತೆಗೆ ಏನೇನಿತ್ತು ಎಂಬುದನ್ನು ಹಿರಿಯರು ಇರುವಾಗಲೇ ಕೇಳಿ ಬರೆದಿಡಿ. ಓದಲು ಬಾರದ ನಾಣ್ಯವಿದ್ದರೆ ಮೊದಲು ಸಮೀಪದ ವಸ್ತುಸಂಗ್ರಹಾಲಯದವರಿಗೆ ತೋರಿಸಿ, ಆಮೇಲೆ ಅಂಗಡಿಗೆ ಒಯ್ಯುವ ವಿಚಾರ ಮಾಡಿ.