ಕುಡಿಯುವವರಿಲ್ಲದ ಹಾಲು

ತಾಯಿಯ ಹಾಲಿನ ಬಗ್ಗೆ ನಾವು ಹಾಡಿದ್ದು, ಬರೆದದ್ದು, ಆಣೆ ಹಾಕಿದ್ದು ಬೇಕಾದಷ್ಟಿದೆ. ಹಾಲಿನ ಋಣದ ಮಾತು ಕನ್ನಡದಲ್ಲೂ ಇದೆ, ಉರ್ದುವಿನಲ್ಲೂ ಇದೆ. 'ದೂಧ್ ನಹೀ ಬಖ್ಶೂಂಗಿ' ಎಂದು ತಾಯಿ ಅಂದುಬಿಟ್ಟರೆ ಎಂಥ ಮಗನೂ ತಲೆ ತಗ್ಗಿಸಬೇಕು. ಹಾಲೂಡಿಸಿದ ದಾಯಿ ಹಲೀಮಾರ ಹೆಸರು ಮುಸ್ಲಿಂ ಮನೆಗಳ ಮಕ್ಕಳಿಗೆಲ್ಲ ಗೊತ್ತು. ಅಕ್ಬರನಿಗೆ ಹಾಲುಣಿಸಿದ ಜೀಜಿ ಅನಗಾಳ ಮಗ ಅಜೀಜ್ ಕೋಕಾ ಮೊಗಲ್ ದರಬಾರಿನ ದೊಡ್ಡ ಅಮೀರನಾದದ್ದರಲ್ಲಿ ಆ ಹಾಲಿನ ಪಾಲೂ ಇತ್ತು. ಆದರೆ ಈ ಎಲ್ಲ ಕಥೆಗಳಲ್ಲಿ ಹಾಲು ಒಂದು ಮಗುವಿನ ಬಾಯಿಗೆ ಸೇರುತ್ತದೆ. ಸೇರದೆ ಉಳಿದ ಹಾಲು ಏನಾಯಿತು, ಅದನ್ನು ಎದೆಯಲ್ಲಿ ಹೊತ್ತ ಹೆಂಗಸು ಆ ನಾಲ್ಕಾರು ದಿನಗಳನ್ನು ಹೇಗೆ ಕಳೆದಳು ಎಂದು ಹುಡುಕಹೊರಟರೆ ಹೆಚ್ಚಿನ ಪುಟಗಳು ಖಾಲಿ.

ದೇಹಕ್ಕೆ ಸುದ್ದಿ ಮುಟ್ಟುವುದಿಲ್ಲ. ಹೆರಿಗೆಯಾಗಿ ಮಾಸು ಹೊರಬಿದ್ದ ಕೂಡಲೇ ರಕ್ತದಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಕುಸಿಯುತ್ತದೆ. ಪ್ರೊಲ್ಯಾಕ್ಟಿನ್‌ಗೆ ದಾರಿ ತೆರೆಯುತ್ತದೆ. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಎದೆ ತುಂಬುತ್ತದೆ. ಮಗು ತೊಟ್ಟಿಲಲ್ಲಿದೆಯೋ ಮಣ್ಣಿನಲ್ಲಿದೆಯೋ ಎಂದು ಅದು ಕೇಳುವುದಿಲ್ಲ. ಹಾಲಿನ ಜೊತೆಗೆ ರಕ್ತವೂ ದುಗ್ಧರಸವೂ ಸೇರಿ ಎದೆ ಕಲ್ಲಿನಂತೆ ಬಿಗಿಯುತ್ತದೆ, ತೋಳೆತ್ತಲಾಗದು, ಮಗ್ಗುಲಾಗಲಾಗದು. ಹಾಲು ಹೊರಹೋಗದೆ ನಿಂತರೆ ಆ ನಿಂತ ಹಾಲೇ ಮುಂದಿನ ಹಾಲಿಗೆ ತಡೆಯಾಗುತ್ತದೆ. ಸಾಮಾನ್ಯವಾಗಿ ಒಂದು ವಾರದ ಆಸುಪಾಸಿನಲ್ಲಿ ಬಿಗಿತ ಇಳಿಯುತ್ತದೆ, ಒಸರುವುದು ಇನ್ನೂ ಕೆಲವು ವಾರ ನಡೆಯಬಹುದು. ಇಷ್ಟನ್ನು ಮೊದಲೇ ಹೇಳುವವರು ಪಕ್ಕದಲ್ಲಿದ್ದರೆ ಅರ್ಧ ಭಯ ಕಡಿಮೆ.

ಹಳೆಯ ವೈದ್ಯರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಇಬ್ನ್ ಸೀನಾ (980-1037) ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಸ್ತನದ ವಿಷಯಕ್ಕೇ ಪ್ರತ್ಯೇಕ ಭಾಗ ಮೀಸಲಿಟ್ಟು ಹಾಲು ಕಡಿಮೆಯಾಗುವುದು, ಅತಿಯಾಗುವುದು, ಹೆಪ್ಪುಗಟ್ಟುವುದು ಎಲ್ಲವನ್ನೂ ಬರೆದರು. ಯೂರೋಪಿನಲ್ಲಿ ಶ್ರೀಮಂತರ ಮನೆಯ ಹೆಂಗಸರು ಮಗುವನ್ನು ಸಾಕುತಾಯಿಗೆ ಒಪ್ಪಿಸುತ್ತಿದ್ದರು. ಮೊದಲ ದಿನಗಳ ಗಿಣ್ಣುಹಾಲು ಮಗುವಿಗೆ ವಿಷವೆಂಬ ನಂಬಿಕೆಯಿಂದ ಹಾಲೂಡಿಸುವ ತಾಯಂದಿರೂ ಕೆಲವು ದಿನ ಮಗುವನ್ನು ದೂರವಿಡುತ್ತಿದ್ದರು. ಅಷ್ಟರಲ್ಲಿ ಎದೆ ಕಟ್ಟಿ ಮೈ ಕಾಯುತ್ತಿತ್ತು. ಇದಕ್ಕೆ ಹಾಲುಜ್ವರವೆಂದು ಹೆಸರು. 1748ರಲ್ಲಿ ವಿಲಿಯಂ ಕ್ಯಾಡೋಗನ್ ಎಂಬ ಇಂಗ್ಲಿಷ್ ವೈದ್ಯ, ಮಗುವನ್ನು ತಡಮಾಡದೆ ತಾಯಿಯ ಎದೆಗೆ ಹಚ್ಚಿ, ಜ್ವರವೂ ತಪ್ಪುತ್ತದೆ ಎಂದು ಒಂದು ಕಿರುಹೊತ್ತಗೆ ಬರೆದ. ಮಾತು ಸರಿಯಾಗಿತ್ತು. ಆದರೆ ಮಕ್ಕಳನ್ನು ಕಾಪಾಡುವ ಕೆಲಸ ಕೊನೆಗೂ ಬುದ್ಧಿವಂತ ಗಂಡಸರ ಕೈಗೆ ಬಂತಲ್ಲ ಎಂದು ಅದರಲ್ಲೇ ಹಿಗ್ಗಿದ. ಮಗುವೇ ಇಲ್ಲದವಳಿಗೆ ಅವನ ಉಪಾಯದಿಂದ ಏನೂ ಸಿಗುವಂತಿರಲಿಲ್ಲ.

ಈ ಚರಿತ್ರೆಯಲ್ಲಿ ಹೆಸರು ಹಿಡಿದು ಹೇಳಬಹುದಾದ ಇಬ್ಬರು ಹೆಂಗಸರು ನಮಗೆ ಸಿಗುತ್ತಾರೆ. ಅವರು ತಾಯಿ ಮತ್ತು ಮಗಳು.

ಮೇರಿ ವೂಲ್‌ಸ್ಟನ್‌ಕ್ರಾಫ್ಟ್ 1792ರಲ್ಲಿ ಸ್ತ್ರೀಯರ ಹಕ್ಕುಗಳ ಬಗ್ಗೆ ಪುಸ್ತಕ ಬರೆದಾಕೆ. ತಾಯಿ ತನ್ನ ಮಗುವಿಗೆ ತಾನೇ ಹಾಲೂಡಿಸಬೇಕೆಂದು ವಾದಿಸಿದ್ದಾಕೆ. 1797ರ ಆಗಸ್ಟ್ 30ರಂದು ಲಂಡನ್‌ನಲ್ಲಿ ಆಕೆಗೆ ಹೆಣ್ಣುಮಗು ಹುಟ್ಟಿತು. ಮಾಸು ಬೀಳಲಿಲ್ಲ. ವೈದ್ಯ ಕೈ ಹಾಕಿ ಚೂರುಚೂರಾಗಿ ತೆಗೆದ. ಕೈ ತೊಳೆಯಬೇಕೆಂಬ ಅರಿವು ಬರಲು ಇನ್ನೂ ಅರ್ಧ ಶತಮಾನವಿತ್ತು. ಕೆಲವೇ ದಿನಗಳಲ್ಲಿ ನಡುಕ, ಜ್ವರ. ಮಗುವಿಗೆ ಹಾಲು ಕೊಡಕೂಡದೆಂದು ಡಾಕ್ಟರ್ ಫೋರ್ಡೈಸ್ ತಡೆದ. ತುಂಬಿದ ಎದೆಯನ್ನು ಬರಿದು ಮಾಡಲು ಮನೆಯವರು ನಾಯಿಮರಿಗಳನ್ನು ತಂದರು. ಓದುಗರಲ್ಲಿ ಕೆಲವರು ಮುಖ ಸಿಂಡರಿಸಬಹುದು, ಆದರೆ ಆ ಕಾಲದ ಯೂರೋಪಿನಲ್ಲಿ ಇದು ಅಪರೂಪದ ಸಂಗತಿಯಲ್ಲ. ಗಂಡ ವಿಲಿಯಂ ಗಾಡ್ವಿನ್ 1798ರಲ್ಲಿ ಪ್ರಕಟಿಸಿದ ಆಕೆಯ ಜೀವನಚಿತ್ರದಲ್ಲಿ ಇದನ್ನು ಮುಚ್ಚಿಡದೆ ದಾಖಲಿಸಿದ್ದಾನೆ. ನಾಯಿಮರಿಗಳ ವಿಷಯವಾಗಿ ಆಕೆ ಸುತ್ತಲಿದ್ದವರೊಡನೆ ತಮಾಷೆ ಮಾಡಿದಳಂತೆ. ಸೆಪ್ಟೆಂಬರ್ 10ರಂದು ತೀರಿಕೊಂಡಳು.

ಆ ಹಾಲು ಸಿಗದ ಮಗುವೇ ಮುಂದೆ 'ಫ್ರಾಂಕನ್‌ಸ್ಟೈನ್' ಬರೆದ ಮೇರಿ ಶೆಲ್ಲಿ. 1815ರ ಫೆಬ್ರುವರಿಯಲ್ಲಿ, ಹದಿನೇಳರ ಹರೆಯದಲ್ಲಿ, ಆಕೆಗೆ ತಿಂಗಳು ತುಂಬುವ ಮೊದಲೇ ಹೆಣ್ಣುಮಗು ಹುಟ್ಟಿತು. ಎರಡು ವಾರವೂ ಬದುಕಲಿಲ್ಲ. ಮಾರ್ಚ್ 6ರಂದು ಗೆಳೆಯ ಹಾಗ್‌ಗೆ ಬರೆದ ಪುಟ್ಟ ಪತ್ರ ಇಂದಿಗೂ ಉಳಿದಿದೆ. ರಾತ್ರಿ ಹಾಲೂಡಿಸಲು ಎದ್ದಾಗ ಮಗು ಶಾಂತವಾಗಿ ಮಲಗಿದಂತೆ ಕಂಡಿತು, ಎಬ್ಬಿಸಲಿಲ್ಲ; ಆಗಲೇ ಅದು ಸತ್ತಿತ್ತು. ಹಾಲಿನಿಂದ ಜ್ವರ ಬಂದೀತೆಂದು ಶೆಲ್ಲಿ ಹೆದರಿದ್ದಾನೆ, ನೀನು ಬಾ ಎಂದು ಕರೆದು, ತಾನೀಗ ತಾಯಿಯಲ್ಲ ಎಂದೂ ಸೇರಿಸುತ್ತಾಳೆ. ಎದೆಯಲ್ಲಿ ಹಾಲು, ಕೈಯಲ್ಲಿ ಈ ಮಾತು. ನಾವು ಓದಿದ ಯಾವ ವೈದ್ಯಗ್ರಂಥವೂ ಈ ಸ್ಥಿತಿಯನ್ನು ಇಷ್ಟು ಸ್ಪಷ್ಟವಾಗಿ ಹೇಳಿಲ್ಲ.

ಇಪ್ಪತ್ತನೆಯ ಶತಮಾನ ಮಾತ್ರೆಗಳ ಕಾಲ. ಕೃತಕ ಈಸ್ಟ್ರೋಜನ್ ಆದ ಸ್ಟಿಲ್‌ಬೆಸ್ಟ್ರಾಲ್‌ಗೆ 1941ರಲ್ಲಿ ಅಮೆರಿಕ ಅನುಮತಿ ಕೊಟ್ಟಾಗ ಹಾಲು ನಿಲ್ಲಿಸುವುದೂ ಅದರ ಉಪಯೋಗಗಳಲ್ಲಿ ಒಂದಾಗಿತ್ತು. ರಕ್ತ ಹೆಪ್ಪುಗಟ್ಟುವ ಅಪಾಯ ಕಂಡು 1978ರಲ್ಲಿ ಈ ಕೆಲಸಕ್ಕೆ ಈಸ್ಟ್ರೋಜನ್ ಬೇಡವೆಂದರು. 1980ರಲ್ಲಿ ಬ್ರೊಮೊಕ್ರಿಪ್ಟಿನ್ ಬಂತು. ಎಳೆ ಬಾಣಂತಿಯರಲ್ಲಿ ಪಾರ್ಶ್ವವಾಯು, ಅಪಸ್ಮಾರ, ಹೃದಯಾಘಾತದ ವರದಿಗಳೂ ಹಿಂದೆಯೇ ಬಂದವು. ಹಾಲು ನಿಲ್ಲಿಸಲು ವಾಡಿಕೆಯಾಗಿ ಯಾವ ಔಷಧವೂ ಬೇಕಿಲ್ಲವೆಂದು ಅಲ್ಲಿನ ಸಲಹಾ ಸಮಿತಿ 1989ರಲ್ಲಿ ಹೇಳಿದರೂ ಸ್ಯಾಂಡೋಜ್ ಕಂಪೆನಿ ಈ ಬಳಕೆಯನ್ನು ಕೈಬಿಟ್ಟದ್ದು 1994ರಲ್ಲಿ. ನಡುವಿನ ಐದು ವರ್ಷಗಳ ಲೆಕ್ಕವನ್ನು ಯಾರು ಕೊಡಬೇಕು? ಈಗ ವೈದ್ಯರು ಅಗತ್ಯ ಕಂಡಲ್ಲಿ ಕ್ಯಾಬರ್ಗೊಲಿನ್ ಕೊಡುತ್ತಾರೆ. ರಕ್ತದೊತ್ತಡ ಏರಿದವರಿಗೆ ಅದೂ ಸಲ್ಲದು.

ಇದೇ ಹೊತ್ತಿಗೆ ನಮ್ಮ ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ದಕ್ಷಿಣ ಭಾರತದ ಹೆಂಗಸರ ಒಂದು ಹಳೆಯ ರೂಢಿಯನ್ನು ಪರೀಕ್ಷೆಗೆ ಒಡ್ಡಿದರು. ಎದೆಗೆ ದುಂಡುಮಲ್ಲಿಗೆ ಕಟ್ಟಿಕೊಳ್ಳುವುದೇ ಆ ರೂಢಿ. ಉಡುಪಿಯ ಶಂಕರಪುರದ ಮಲ್ಲಿಗೆಯೂ ಇದೇ ಜಾತಿಯದು. ಕೆಲವು ಬಾಣಂತಿಯರಿಗೆ ಬ್ರೊಮೊಕ್ರಿಪ್ಟಿನ್, ಕೆಲವರಿಗೆ ಮಲ್ಲಿಗೆ. 1988ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಪ್ರೊಲ್ಯಾಕ್ಟಿನ್ ಹೆಚ್ಚು ಇಳಿದದ್ದು ಮಾತ್ರೆಯಿಂದ. ಆದರೆ ಬಿಗಿತ, ಹಾಲು, ನೋವಿನ ಮಾತ್ರೆಯ ಅಗತ್ಯ ಇವುಗಳಲ್ಲಿ ಎರಡೂ ಸಮ. ಮಾತ್ರೆ ನಿಲ್ಲಿಸಿದ ಕೆಲವರಿಗೆ ಹಾಲು ಮರಳಿ ಬಂತು. ಅಧ್ಯಯನ ಚಿಕ್ಕದು, ಅದರ ಮೇಲೆ ದೊಡ್ಡ ಮಾತು ಕಟ್ಟಬಾರದು. 2012ರಲ್ಲಿ ಕಾಕ್ರೇನ್ ಸಂಸ್ಥೆಯ ಪರಿಶೀಲನೆ ಈ ವಿಷಯದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ನೋಡಿ, ಔಷಧಗಳ ಪರವಾದ ಪುರಾವೆಯೂ ದುರ್ಬಲವೆಂದೇ ಹೇಳಿತು. ಮದುವೆಯ ಸೆಹರಾದಲ್ಲಿ ನಾವು ಕಾಣುವ ಹೂವು ಮಗು ಕಳೆದುಕೊಂಡವಳ ರವಿಕೆಯೊಳಗೂ ಇರುತ್ತಿತ್ತೆಂಬುದನ್ನು ನಮ್ಮ ಕವಿಗಳು ಗಮನಿಸಿದಂತಿಲ್ಲ.

ಬಟ್ಟೆಯಿಂದ ಬಿಗಿಯಾಗಿ ಕಟ್ಟುವ ಪದ್ಧತಿ ಮಾತ್ರ ಇನ್ನೂ ಹೋಗಿಲ್ಲ. ಹಾಗೆ ಕಟ್ಟಿಕೊಂಡವರಿಗೇ ನೋವು ಹೆಚ್ಚೆಂದು ಅಮೆರಿಕದ 2003ರ ಒಂದು ಅಧ್ಯಯನ ಕಂಡಿತು. ಮೈಗೆ ಸರಿಹೊಂದುವ ಒಳರವಿಕೆ, ತಣ್ಣನೆಯ ಬಟ್ಟೆ, ವೈದ್ಯರು ಹೇಳಿದ ನೋವಿನ ಮಾತ್ರೆ, ತೀರಾ ತಡೆಯಲಾಗದಾಗ ಬಿಗಿತ ಸಡಿಲುವಷ್ಟು ಮಾತ್ರ ಹಿಂಡುವುದು: ಇಂದಿನ ಸಲಹೆ ಇಷ್ಟೇ. ನೀರು ಕುಡಿಯುವುದನ್ನು ಬಿಡಬೇಕಿಲ್ಲ. ಎದೆಯ ಒಂದು ಕಡೆ ಕೆಂಪಾಗಿ ಬಿಸಿಯೇರಿ ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಕೆಲವರು ಆ ಹಾಲನ್ನು ದಾನ ಮಾಡಲು ಬಯಸುತ್ತಾರೆ. ಏಷ್ಯಾದ ಮೊದಲ ತಾಯಿಹಾಲಿನ ಬ್ಯಾಂಕು 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಆರಂಭವಾಯಿತು. ಇಂಥ ಬ್ಯಾಂಕುಗಳ ಬಗ್ಗೆ ಮುಸ್ಲಿಂ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಯೂಸುಫ್ ಅಲ್ ಕರ್ಜಾವಿ 1983ರಲ್ಲಿ ಒಪ್ಪಿದರು, ಜಿದ್ದಾದ ಫಿಕ್ಹ್ ಅಕಾಡೆಮಿ 1985ರಲ್ಲಿ ಬೇಡವೆಂದಿತು. ಹಾಲುಸಂಬಂಧದಿಂದ ಯಾರು ಯಾರಿಗೆ ಏನಾಗುತ್ತಾರೆ ಎಂಬುದು ಅಲ್ಲಿನ ಪ್ರಶ್ನೆ. ಪ್ರಶ್ನೆ ಸಣ್ಣದಲ್ಲ, ಒಪ್ಪೋಣ. ಆದರೆ ಕೊಡಬಯಸಿದವಳ ಸಂಕಟ ಆ ಚರ್ಚೆಯಲ್ಲಿ ನಮಗೆ ಕಾಣಲಿಲ್ಲ.

2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ, ಮಗು ಸತ್ತು ಹುಟ್ಟಿದರೆ ಅಥವಾ ಹುಟ್ಟಿ ತೀರಿಕೊಂಡರೆ ತನ್ನ ಮಹಿಳಾ ನೌಕರರಿಗೆ 60 ದಿನಗಳ ವಿಶೇಷ ಹೆರಿಗೆ ರಜೆ ಎಂದು ಆದೇಶಿಸಿತು. ಬೀಡಿ ಕಟ್ಟುವವರಿಗೆ, ಕೂಲಿಗೆ ಹೋಗುವವರಿಗೆ ಈ ಆದೇಶ ಅನ್ವಯಿಸುವುದಿಲ್ಲ. ಸಹಜ ಹೆರಿಗೆಯಾದವರನ್ನು ಆಸ್ಪತ್ರೆಯಿಂದ ಎರಡು ಮೂರು ದಿನಗಳಲ್ಲಿ ಮನೆಗೆ ಕಳಿಸುತ್ತಾರೆ. ಹಾಲು ಇಳಿಯುವುದು ಹೆಚ್ಚಾಗಿ ಆಮೇಲೆ, ಮನೆಯಲ್ಲಿ, ಮಗುವಿಗೆಂದು ಹೊಲಿದಿಟ್ಟ ಬಟ್ಟೆಗಳನ್ನು ಯಾರೋ ಕಣ್ಣಿಗೆ ಬೀಳದಂತೆ ಎತ್ತಿಟ್ಟ ಕೋಣೆಯಲ್ಲಿ.